ಹನ್ನೊಂದು ಗಂಟೆಯ ನಿಂಬೆನೀರು

೨ ಜೂನ್

ಅಕ್ಕ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನೆ ನಮ್ಮ ಆಸ್ಪತ್ರೆಯ ಸೂಪರಿಂಟೆಂಡೆಂಟರು ನನ್ನನ್ನು ಕರೆಸಿ ಮೇಜಿನ ಮೇಲೆ ಒಂದು ಕಾಗದ ಎಸೆದರು. ನೀನು ಕೆಲಸ ಮಾಡುವ ಆಹಾರ ಪರೀಕ್ಷಾಲಯದ ವರದಿ. ಕೆಳಗೆ ನಿನ್ನ ಸಹಿ. ಅದು ನನ್ನ ಒಡಹುಟ್ಟಿದವಳ ಸಹಿ ಎಂದು ಅವರಿಗೆ ಗೊತ್ತಿಲ್ಲ, ಮಕ್ಕಳ ಎಲುಬಿನ ವಾರ್ಡಿನ ನರ್ಸಮ್ಮನಿಗೆ ಮಾತ್ರ ಗೊತ್ತು. ಉಳಿದವರಿಗೆ ಹೇಳಿಕೊಳ್ಳುವಂಥ ಹೆಮ್ಮೆಯೇನೂ ಇದರಲ್ಲಿಲ್ಲ.

ನಿನಗೆ ಗೊತ್ತಿರಲಿ ಎಂದು ಇಲ್ಲಿನ ಕತೆ ಹೇಳುತ್ತೇನೆ. ಎಲುಬಿನ ವಾರ್ಡಿನಲ್ಲಿ ಹದಿನಾಲ್ಕು ಮಕ್ಕಳಿವೆ. ಕಾಲಿಗೆ ತೂಕ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಮಲಗಿರುವ ಮಕ್ಕಳು. ಹೊರಗಿನ ತಿಂಡಿ, ಹಣ್ಣು ಒಳಗೆ ಬರಕೂಡದು, ನನ್ನ ಅಡುಗೆಮನೆಯಿಂದ ಹೋದದ್ದೇ ಊಟ. ಏಪ್ರಿಲ್‌ನಿಂದ ಅವುಗಳ ಒಸಡು ಊದಿಕೊಂಡು ರಕ್ತ ಬರುತ್ತಿದೆ. ನರ್ಸಮ್ಮ, "ಇದು ಊಟದಲ್ಲಿ ಸಿ ಜೀವಸತ್ವ ಕಮ್ಮಿಯಾಗಿ ಬರೋ ಕಾಯಿಲೆ ಥರ ಇದೆ, ಪರೀಕ್ಷೆ ಮಾಡಿಸಿ" ಎಂದು ಹಟ ಹಿಡಿದದ್ದಕ್ಕೆ ಆಹಾರ ಇನ್‌ಸ್ಪೆಕ್ಟರು ಬಂದು ಮಕ್ಕಳಿಗಾಗಿ ನಾನು ಹಿಂಡಿಟ್ಟ ನಿಂಬೆರಸವನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಹೋದರು. ನೀನು ಬರೆದದ್ದು ಎರಡೇ ಸಾಲು. ಮೊದಲನೆಯದು, ರಸದಲ್ಲಿ ಜೀವಸತ್ವ ಸಾಕಷ್ಟಿದೆ. ಎರಡನೆಯದು, ಕೊರತೆಯ ಲಕ್ಷಣ ಕಂಡರೆ ಪಾನೀಯವು ಮಕ್ಕಳಿಗೆ ತಲುಪುತ್ತಿದೆಯೇ ಎಂದು ಪರಿಶೀಲಿಸುವುದು.

ಡಾಕ್ಟರು ಮೊದಲ ಸಾಲು ಓದಿದರು. ಜೀವಸತ್ವ ಇದೆ ಅಂದಮೇಲೆ ಇದು ಆ ಕಾಯಿಲೆಯೇ ಅಲ್ಲ ಎಂದು ತೀರ್ಮಾನಿಸಿಬಿಟ್ಟರು. ಸೂಪರಿಂಟೆಂಡೆಂಟರು ಎರಡನೇ ಸಾಲು ಓದಿದರು. ಇವತ್ತಿನಿಂದ ನನ್ನ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂತು ನಿಂಬೆಹಣ್ಣು ಎಣಿಸುತ್ತಿದ್ದಾನೆ. ನಾನು ಮನೆಗೆ ಹೊರಟಾಗ ನನ್ನ ಚೀಲಕ್ಕೆ ಕೈ ಹಾಕುತ್ತಾನೆ. ಅಪ್ಪ ಇಪ್ಪತ್ತೆಂಟು ವರ್ಷ ಸೌಟು ಹಿಡಿದ ಅಡುಗೆಮನೆ ಇದು. ನನ್ನ ಮುಖಕ್ಕೆ ಮಸಿ ಬಳಿಯಲು ನಿನಗೆ ಬೇರೆ ಜಾಗ ಸಿಗಲಿಲ್ಲವೇ?

ಏಳನೇ ಮಂಚದ ಹುಡುಗಿಯನ್ನು ನಾವು ಗಿಣಿ ಎನ್ನುತ್ತೇವೆ, ಅಷ್ಟು ಮಾತು. ಈಗ ಅವಳು ಮಾತು ಬಿಟ್ಟಿದ್ದಾಳೆ. ಎಡಗಾಲಿನ ಮೇಲೆ ಹೊದಿಕೆ ತಾಗಿದರೂ ಚೀರುತ್ತಾಳೆ. ಎಲುಬಿನೊಳಗೆ ಕೀವು ತುಂಬಿದೆಯಂತೆ, ೨೪ನೇ ತಾರೀಕು ಕೊಯ್ಯುತ್ತಾರಂತೆ. ನಿನ್ನ ವರದಿಯ ಮೇಲೇ ಆ ತಾರೀಕು ನಿಗದಿಯಾಗಿದ್ದು.

ಉತ್ತರ ಬರೆ.

ನಿನ್ನ ತಮ್ಮ

೬ ಜೂನ್

ಗುಂಡ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಓದಿದೆ. ಕೂಗಾಡುವುದರಲ್ಲಿ ನೀನು ಅಪ್ಪನನ್ನೂ ಮೀರಿಸಿದ್ದೀಯ.

ನಾನು ಅಂದಾಜಿನ ಮೇಲೆ ಸಹಿ ಹಾಕುವವಳಲ್ಲ. ನಮ್ಮಲ್ಲಿ ಒಂದು ನೀಲಿ ಬಣ್ಣದ ದ್ರಾವಣವಿದೆ. ಅದನ್ನು ಉದ್ದನೆಯ ಗಾಜಿನ ಕೊಳವೆಯಿಂದ ರಸಕ್ಕೆ ತೊಟ್ಟು ತೊಟ್ಟಾಗಿ ಬಿಡುತ್ತೇವೆ. ರಸದಲ್ಲಿ ಸಿ ಜೀವಸತ್ವ ಇರುವಷ್ಟು ಹೊತ್ತು ಬಿದ್ದ ಬಣ್ಣವೆಲ್ಲ ಮಾಯವಾಗುತ್ತದೆ. ಜೀವಸತ್ವ ಮುಗಿದ ಕ್ಷಣ ಮುಂದಿನ ತೊಟ್ಟು ಗುಲಾಬಿಯಾಗಿ ನಿಂತುಬಿಡುತ್ತದೆ. ಎಷ್ಟು ತೊಟ್ಟು ಹಿಡಿಯಿತು ಎನ್ನುವುದರ ಮೇಲೆ ಲೆಕ್ಕ. ನಿನ್ನ ರಸವನ್ನು ಮೂರು ಸಲ ಮಾಡಿದೆ. ಮೂರು ಸಲವೂ ನೂರು ಮಿಲಿಲೀಟರಿಗೆ ನಲವತ್ತೆರಡು ಮಿಲಿಗ್ರಾಂ. ಒಳ್ಳೆಯ ನಿಂಬೆಯಲ್ಲಿ ಇರಬೇಕಾದಷ್ಟೇ ಇದೆ. ದಾರಿಯಲ್ಲಿ ಕೆಡುವ ಪ್ರಶ್ನೆಯೂ ಇಲ್ಲ, ನಮ್ಮ ಬಾಟಲಿಗೆ ಮೊದಲೇ ಆಮ್ಲ ಹಾಕಿ ಕಳಿಸಿರುತ್ತೇವೆ, ಅದು ಜೀವಸತ್ವವನ್ನು ಕಾಯುತ್ತದೆ.

ರಸದಲ್ಲಿ ಇದೆ, ಮಕ್ಕಳ ಮೈಯಲ್ಲಿ ಇಲ್ಲ. ನಡುವೆ ಇರುವವನು ನೀನೊಬ್ಬನೇ. ಇದನ್ನು ನೋಡಿ ನಾನು ಏನಂದುಕೊಳ್ಳಬೇಕು ನೀನೇ ಹೇಳು. ನಿನಗೆ ಹತ್ತೊಂಬತ್ತು ತುಂಬಿದಾಗ ಇದೇ ಅಡುಗೆಮನೆಯ ಸಕ್ಕರೆ ಯಾರ ಅಂಗಡಿಗೆ ಹೋಗುತ್ತಿತ್ತು ಎನ್ನುವುದನ್ನು ಅಪ್ಪ ಮುಚ್ಚಿಹಾಕಿದ. ನಾನು ಮರೆತಿಲ್ಲ. ಏನಾದರೂ ಇದ್ದರೆ ನನ್ನ ಹತ್ತಿರವಾದರೂ ನಿಜ ಹೇಳು.

ಅಕ್ಕ

೯ ಜೂನ್

ಅಕ್ಕ,

ಇಪ್ಪತ್ತೆರಡು ವರ್ಷದ ಹಿಂದೆ ಎರಡು ಡಬ್ಬಿ ಸಕ್ಕರೆ. ಅದಕ್ಕೆ ಅಪ್ಪ ಬೆನ್ನ ಮೇಲೆ ಬೆಲ್ಟಿನ ಬರೆ ಎಳೆದಿದ್ದ, ಅದನ್ನೂ ನೀನು ನೋಡಿದ್ದೆ. ಅದು ಮಾತ್ರ ನಿನಗೆ ಮರೆತುಹೋಯಿತು.

ನನ್ನ ದಿನಚರಿ ಕೇಳು, ಇದನ್ನೂ ನಿನ್ನ ಕೊಳವೆಯಲ್ಲಿ ಅಳೆದು ನೋಡು. ಬೆಳಿಗ್ಗೆ ಆರಕ್ಕೆ ಮೂವತ್ತು ನಿಂಬೆ ಕತ್ತರಿಸಿ ಗಾಜಿನ ಜಗ್ಗಿಗೆ ಹಿಂಡುತ್ತೇನೆ. ಹಂಡೆಯಲ್ಲಿ ನೀರು ಬಿಸಿಯಾಗಿರುತ್ತದೆ, ರಸ ಅದಕ್ಕೆ ಹೋಗುತ್ತದೆ, ಸಕ್ಕರೆ, ಚಿಟಿಕೆ ಉಪ್ಪು. ಮಕ್ಕಳಿಗೆ ತಣ್ಣಗಿನದು ಕೊಡಬೇಡಿ ಎಂದು ಡಾಕ್ಟರ ಅಪ್ಪಣೆ, ಆದ್ದರಿಂದ ಹಂಡೆ ಸಣ್ಣ ಉರಿಯ ಮೇಲೇ ಇರುತ್ತದೆ. ಡಾಕ್ಟರು ವಾರ್ಡು ಸುತ್ತಿ ಮುಗಿಸಿದ ಮೇಲೆ ಹನ್ನೊಂದಕ್ಕೆ ಒಂದು ಲೋಟ, ಉಳಿದದ್ದು ನಾಲ್ಕಕ್ಕೆ ಇನ್ನೊಂದು. ಪ್ರತಿ ಮಗುವಿನ ತಲೆಯ ಹಿಂದೆ ಕೈ ಕೊಟ್ಟು ನಾನೇ ಕುಡಿಸುತ್ತೇನೆ. ಈಚೆಗೆ ಕನರು ಅಂತ ಮುಖ ಸಿಂಡರಿಸುತ್ತವೆ, ಅದಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತೇನೆ. ಒಂದು ತೊಟ್ಟೂ ಚೆಲ್ಲುವುದಿಲ್ಲ.

ನನ್ನನ್ನು ಕಳ್ಳ ಎನ್ನುವ ಮೊದಲು ನನ್ನ ಹಂಡೆ ನೋಡಬೇಕಿತ್ತು ನೀನು. ಅಪ್ಪನ ಕಾಲದ ಅದೇ ತಾಮ್ರದ ಹಂಡೆ. ಕಲಾಯಿ ಹಾಕುವ ಮುದುಕ ತೀರಿಕೊಂಡ ಮೇಲೆ ಒಳಗಿನ ಬಿಳಿ ತವರದ ಕಲಾಯಿ ಅಲ್ಲಲ್ಲಿ ಎದ್ದು ಕಪ್ಪು ಕಪ್ಪಾಗಿ ಅಸಹ್ಯವಾಗಿತ್ತು. ಹೋದ ಜನವರಿಯಲ್ಲಿ ಎಂಟು ದಿನ ಕೂತು ಮರಳು ಹಾಕಿ ಉಜ್ಜಿ ಉಜ್ಜಿ ಅದನ್ನೆಲ್ಲ ಕಿತ್ತೆಸೆದೆ. ಈಗ ದಿನಾ ಹಿಂಡಿದ ನಿಂಬೆ ಸಿಪ್ಪೆಯಲ್ಲೇ ತಿಕ್ಕುತ್ತೇನೆ. ಒಳಗೂ ಹೊರಗೂ ಕೆಂಪಗೆ ಧಗಧಗ ಅನ್ನುತ್ತದೆ. ಇದೇ ಸೂಪರಿಂಟೆಂಡೆಂಟರು ಬೇರೆ ವಾರ್ಡಿನವರನ್ನೆಲ್ಲ ಕರೆತಂದು, "ಶುಚಿ ಅಂದ್ರೆ ಇದು, ನೋಡಿ ಕಲೀರಿ" ಅಂದಿದ್ದರು. ಕದಿಯುವವನು ಹೀಗೆ ಕತ್ತೆ ದುಡಿದ ಹಾಗೆ ದುಡಿಯುತ್ತಾನಾ?

ಇನ್‌ಸ್ಪೆಕ್ಟರು ತುಂಬಿಸಿಕೊಂಡದ್ದು ಜಗ್ಗಿನ ರಸ. ಅವರು ಬಿಟ್ಟುಹೋದ ಒಂದು ಬಾಟಲಿ ಉಳಿದಿತ್ತು, ತಳದಲ್ಲಿ ನಿಮ್ಮ ಆಮ್ಲವೂ ಇತ್ತು. ಇವತ್ತು ಹನ್ನೊಂದಕ್ಕೆ ಗಿಣಿಯ ಲೋಟಕ್ಕೆ ಬಗ್ಗಿಸಿದ ಸೌಟಿನಿಂದಲೇ ಅದಕ್ಕೆ ತುಂಬಿ, ನರ್ಸಮ್ಮನ ಎದುರಿಗೆ ಬಿರಡೆ ಹಾಕಿ, ಈ ಕಾಗದದ ಜೊತೆ ಪಾರ್ಸೆಲ್ ಮಾಡಿದ್ದೇನೆ. ಮಕ್ಕಳಿಗೆ ತಲುಪುತ್ತಿರುವುದು ಇದೇ. ಪರೀಕ್ಷೆ ಮಾಡಿ ನಿನ್ನ ಎರಡನೇ ಸಾಲನ್ನು ನೀನೇ ನುಂಗು.

ಆದರೆ ನನಗೆ ಬರೆಯಬೇಡ. ನಿನ್ನ ಉಪದೇಶ ಓದುವ ತಾಳ್ಮೆ ನನಗಿಲ್ಲ. ಬರೆದರೆ ನಾನು ಒಡೆಯುವುದೂ ಇಲ್ಲ. ಬರೆಯುವುದಿದ್ದರೆ ಆಸ್ಪತ್ರೆಗೆ ಬರೆ.

ತಮ್ಮ

೧೪ ಜೂನ್

ಗುಂಡ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಕೋಪ ಬದಿಗಿಟ್ಟು ಕೊನೆಯವರೆಗೂ ಓದು.

ನಿನ್ನ ಬಾಟಲಿ ಇವತ್ತು ಬೆಳಿಗ್ಗೆ ಬಂತು. ಮೊದಲ ತೊಟ್ಟು ಬಿಟ್ಟೆ, ಗುಲಾಬಿ ನಿಂತಿತು. ಕೊಳವೆ ಕೊಳೆಯಾಗಿದೆಯೇನೋ ಎಂದು ತೊಳೆದು ಮತ್ತೆ ಮಾಡಿದೆ. ಮತ್ತೂ ಮೊದಲ ತೊಟ್ಟಿಗೇ ಗುಲಾಬಿ. ಅದರಲ್ಲಿ ಸಿ ಜೀವಸತ್ವ ಲವಲೇಶವೂ ಇಲ್ಲ. ನೀರು ಬೆರೆಸಿದ್ದಕ್ಕೆ ಕಡಿಮೆಯಾಗಿರಬೇಕಿತ್ತು, ಸೊನ್ನೆಯಾಗುವ ಹಾಗಿಲ್ಲ. ಆಮೇಲೆ ತಾಮ್ರಕ್ಕೆ ಪರೀಕ್ಷೆ ಮಾಡಿದೆ. ತಾಮ್ರ ಇದೆ, ಇರಬಾರದಷ್ಟು ಇದೆ.

ನೀನು ಕದ್ದಿಲ್ಲ. ಹಂಡೆ ತಿಂದಿದೆ. ಹುಳಿ ತಾಗಿದಾಗ ಬರಿಯ ತಾಮ್ರ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡುತ್ತದೆ. ಆ ತಾಮ್ರ, ಮೇಲಿನ ಗಾಳಿ, ಕೆಳಗಿನ ಬಿಸಿ, ಮೂರೂ ಸೇರಿದರೆ ಸಿ ಜೀವಸತ್ವ ಗಂಟೆಗಳಲ್ಲಿ ಒಡೆದುಹೋಗುತ್ತದೆ. ನೀನು ಆರಕ್ಕೆ ಹಾಕಿ ಹನ್ನೊಂದಕ್ಕೆ ಕೊಡುತ್ತೀಯ. ಹಂಡೆ ಖಾಲಿಯಾದ ಮೇಲೆ ಸಂಜೆ ತರಕಾರಿ ಬೇಯಿಸುವುದೂ ಅದರಲ್ಲೇ ಎಂದು ನನಗೆ ಗೊತ್ತು. ಮಕ್ಕಳು ಕನರು ಎಂದದ್ದು ಸುಳ್ಳಲ್ಲ, ಅದು ತಾಮ್ರದ ರುಚಿ. ಅಪ್ಪ ವರ್ಷಕ್ಕೆರಡು ಸಲ ಕಲಾಯಿ ಹಾಕಿಸುತ್ತಿದ್ದುದು ಅಂದಕ್ಕಲ್ಲ, ತಾಮ್ರಕ್ಕೂ ಅಡುಗೆಗೂ ನಡುವೆ ಒಂದು ತಡೆ ಇರಲಿ ಎಂದು. ನೀನು ಎಂಟು ದಿನ ಕೂತು ಆ ತಡೆಯನ್ನೇ ಕಿತ್ತಿದ್ದೀಯ.

ಈಗ ಮುಖ್ಯವಾದದ್ದು. ನಮ್ಮ ಚರ್ಮ, ಒಸಡು, ರಕ್ತನಾಳ, ಎಲುಬು ಎಲ್ಲವನ್ನೂ ಹಿಡಿದಿಟ್ಟಿರುವುದು ಕೊಲಾಜೆನ್ ಎಂಬ ಪ್ರೋಟೀನು. ಮೂರು ಎಳೆ ಹೊಸೆದ ಹಗ್ಗದ ಹಾಗೆ ಅದು. ಸಿ ಜೀವಸತ್ವ ಇಲ್ಲದಿದ್ದರೆ ಎಳೆಗಳು ಬಿಗಿಯಾಗುವುದಿಲ್ಲ. ಆಡು, ನಾಯಿ, ಇಲಿ ಎಲ್ಲ ತಮ್ಮ ಮೈಯೊಳಗಿನ ಸಕ್ಕರೆಯಿಂದಲೇ ಈ ಜೀವಸತ್ವ ತಯಾರಿಸಿಕೊಳ್ಳುತ್ತವೆ. ನಮಗೆ ಅದರ ಕೊನೆಯ ಹಂತಕ್ಕೆ ಬೇಕಾದ ಕಿಣ್ವ ಇಲ್ಲ, ಊಟದಿಂದಲೇ ಬರಬೇಕು. ಬರದಿದ್ದರೆ ರಕ್ತನಾಳಗಳು ಸೋರುತ್ತವೆ, ಒಸಡಿನಲ್ಲೂ ಸೋರುತ್ತವೆ, ಎಲುಬಿನ ಮೇಲಿನ ಪೊರೆಯ ಕೆಳಗೂ ಸೋರುತ್ತವೆ. ಆ ಹುಡುಗಿಯ ಕಾಲಿನಲ್ಲಿ ಕೀವು ಇಲ್ಲದೆ ಇರಬಹುದು, ಹೀಗೆ ಕಟ್ಟಿದ ರಕ್ತವಿರಬಹುದು. ಅವಳನ್ನು ಕೊಯ್ಯಲು ಬಿಡಬೇಡ. ಕೊಯ್ದ ಗಾಯ ಕೂಡುವುದಿಲ್ಲ. ಸಿ ಜೀವಸತ್ವದ ಮಾತ್ರೆ ಕೊಟ್ಟರೆ ವಾರದೊಳಗೆ ಎದ್ದು ಕೂರುತ್ತಾಳೆ. ಇದನ್ನು ಇವತ್ತೇ ಡಾಕ್ಟರಿಗೆ ತೋರಿಸು.

ವರದಿ ತಿದ್ದಿ ಆಸ್ಪತ್ರೆಗೆ ಕಳಿಸಲು ನಮ್ಮ ಮುಖ್ಯಸ್ಥರ ಸಹಿ ಬೇಕು. ಅವರು ರಜೆಯಲ್ಲಿದ್ದಾರೆ, ೨೫ಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಈ ಕಾಗದ ಸಾಕು.

ಇನ್ನೊಂದು ವಿಷಯ. ಆ ಎರಡನೇ ಸಾಲು ನಮ್ಮ ವರದಿಯ ನಮೂನೆಯಲ್ಲಿ ಇರುವಂಥದ್ದಲ್ಲ. ಬಾಟಲಿಯ ಚೀಟಿಯಲ್ಲಿ ನಿನ್ನ ಆಸ್ಪತ್ರೆಯ ಹೆಸರು ನೋಡಿ, ಆ ಹಳೆಯ ಸಕ್ಕರೆ ನೆನಪಾಗಿ, ನಾನೇ ಸೇರಿಸಿದೆ. ತಪ್ಪಾಯಿತು.

ಅಕ್ಕ

೨೦ ಜೂನ್

ಗುಂಡ,

ಆರು ದಿನವಾಯಿತು, ಒಂದು ಸಾಲಿಲ್ಲ. ತಪ್ಪಾಯಿತು ಎಂದ ಮೇಲೂ ಮುನಿಸೇ? ಸಿಟ್ಟು ಬಂದರೆ ಬಾಯಿ ಹೊಲಿದುಕೊಂಡು ಕೂರುವುದು ಚಿಕ್ಕಂದಿನಿಂದಲೂ ನಿನ್ನ ಚಾಳಿ. ಇರಲಿ. ಡಾಕ್ಟರಿಗೆ ತೋರಿಸಿಯೇ ಇರುತ್ತೀಯ, ಮಕ್ಕಳ ವಿಷಯದಲ್ಲಿ ಅಷ್ಟರಮಟ್ಟಿಗೆ ನಿನ್ನನ್ನು ಬಲ್ಲೆ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ.

ಹಂಡೆ ಪಕ್ಕಕ್ಕಿಟ್ಟು ಸ್ಟೀಲಿನದು ತರಿಸಿಕೊ.

ಅಕ್ಕ

೧ ಜುಲೈ

ಅಕ್ಕ,

ನಿನ್ನ ಎರಡೂ ಕಾಗದ ಇವತ್ತು ಒಡೆದೆ.

ಉಪ್ಪಿನ ಜಾಡಿಯ ಹಿಂದೆ ಇಟ್ಟಿದ್ದೆ. ದಿನಾ ಉಪ್ಪಿಗೆ ಕೈ ಹಾಕುವಾಗ ನಿನ್ನ ಅಕ್ಷರ ಕಾಣುತ್ತಿತ್ತು. ಒಡೆಯದೆ ಬಿಟ್ಟೆ ಎಂದು ದಿನಾ ಒಂದು ಖುಷಿ. ನಿನಗೆ ಶಿಕ್ಷೆ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಬಾಟಲಿಯ ಫಲಿತಾಂಶ ಆಸ್ಪತ್ರೆಗೆ ಬರುತ್ತದೆ, ಎಲ್ಲರೆದುರು ನಾನು ತಲೆ ಎತ್ತಬಹುದು ಎಂದು ಕಾದು ಕೂತಿದ್ದೆ.

೨೪ಕ್ಕೆ ಗಿಣಿಯನ್ನು ಕೊಯ್ದರು. ಕೀವು ಇರಲಿಲ್ಲ. ಪೊರೆಯ ಕೆಳಗೆ ಹೆಪ್ಪುಗಟ್ಟಿದ ರಕ್ತ ಸಿಕ್ಕಿತಂತೆ, ನೀನು ಬರೆದ ಹಾಗೆಯೇ. ಹೊಲಿದರು. ಆರನೇ ದಿನ ಹೊಲಿಗೆಯೆಲ್ಲ ಬಿಚ್ಚಿಕೊಂಡಿತು. ಗೇಣುದ್ದ ಬಾಯಿ ಬಿಟ್ಟ ಗಾಯ. ಬಟ್ಟೆ ಬದಲಿಸುವಾಗ ಅವಳು ಅಳುವುದಿಲ್ಲ, ಗೋಡೆ ನೋಡುತ್ತಾಳೆ. ಇವತ್ತು ನರ್ಸಮ್ಮ ಅಡುಗೆಮನೆಗೆ ಬಂದು, "ಅಲ್ಲಪ್ಪ, ನಿಮ್ಮಕ್ಕ ಆ ಬಾಟ್ಲಿ ವಿಷಯ ಏನೂ ಬರೀಲೇ ಇಲ್ವಾ?" ಎಂದು ಕೇಳಿದರು. ಅವರೆದುರೇ ಒಡೆದೆ. ಕೊಯ್ಯಲು ಬಿಡಬೇಡ ಎಂಬ ಸಾಲನ್ನು ಗಟ್ಟಿಯಾಗಿ ಓದಿದೆ. ಅವರು ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಡಾಕ್ಟರ ಹತ್ತಿರ ಓಡಿದರು. ಒಂದು ಗಂಟೆಯೊಳಗೆ ಹದಿನಾಲ್ಕು ಮಕ್ಕಳಿಗೂ ಮಾತ್ರೆ ಬಂತು. ಒಂದು ಗಂಟೆ, ಅಕ್ಕ. ಅಷ್ಟರ ಕೆಲಸ ಇದು. ಹದಿನೈದು ದಿನ ಜಾಡಿಯ ಹಿಂದೆ ಕೂತಿತ್ತು.

ನಾನು ಕಳ್ಳನಾಗಿದ್ದರೇ ಚೆನ್ನಾಗಿತ್ತು. ಕದ್ದ ನಿಂಬೆ ಯಾರ ಹೊಟ್ಟೆಗಾದರೂ ಹೋಗಿರುತ್ತಿತ್ತು. ಐದು ತಿಂಗಳು ಅವುಗಳ ತಲೆ ಹಿಡಿದು ಕುಡಿಸಿದೆ, ಇನ್ನೊಂದು ಗುಟುಕು, ಇನ್ನೊಂದು ಗುಟುಕು ಎಂದು ಪುಸಲಾಯಿಸಿ ಕುಡಿಸಿದೆ.

ನಿನ್ನ ಮೇಲೆ ಎಷ್ಟು ಸಿಟ್ಟಿದೆ ಎಂದು ಹೇಳಲು ಬರುವುದಿಲ್ಲ. ನನ್ನ ಮೇಲೆ ಇರುವುದು ಅದಕ್ಕಿಂತ ಹೆಚ್ಚು.

ತಮ್ಮ

೪ ಜುಲೈ

ಗುಂಡ,

ನನ್ನ ಮೇಲೆ ಸಿಟ್ಟೇ? ಯಾವ ಬಾಯಲ್ಲಿ ಹೇಳುತ್ತೀಯ? ಬಾಟಲಿ ಬಂದ ದಿನವೇ ಪರೀಕ್ಷೆ ಮಾಡಿದೆ, ಅವತ್ತೇ ಸಂಜೆ ಕಾಗದ ಅಂಚೆಗೆ ಹಾಕಿದೆ, ಕೊಯ್ಯಲು ಬಿಡಬೇಡ ಎಂದು ಸ್ಪಷ್ಟವಾಗಿ ಬರೆದೆ. ನಾನು ಇನ್ನೇನು ಮಾಡಬೇಕಿತ್ತು? ನೀನು ಗಂಡಸಿನ ಹಟ ಸಾಧಿಸುತ್ತಾ ಉಪ್ಪಿನ ಜಾಡಿಯ ಹಿಂದೆ ಒಂದು ಮಗುವಿನ ಕಾಲನ್ನು ಬಚ್ಚಿಟ್ಟೆ. ನಿನ್ನ ಕಾಗದ ಬಂದಾಗಿನಿಂದ ಕೆಲಸದಲ್ಲಿ ಒಂದು ತೊಟ್ಟು ಬಿಡಲು ಹೋದರೆ ಮೂರು ಬೀಳುತ್ತವೆ.

ಈಗ ಬುದ್ಧಿವಂತಿಕೆಯಿಂದ ನಡೆದುಕೊಳ್ಳಬೇಕು. ಮುಖ್ಯಸ್ಥರು ಬಂದಿದ್ದಾರೆ. ನಿಮ್ಮ ಸೂಪರಿಂಟೆಂಡೆಂಟರೂ ಅವರಿಗೆ ಖಾಸಗಿಯಾಗಿ ಬರೆದಿದ್ದಾರೆ. ಇಬ್ಬರೂ ಒಪ್ಪಿರುವುದು ಇಷ್ಟು: ಹಳೆಯ ವರದಿ ವಾಪಸು, ಹೊಸದರಲ್ಲಿ "ಪರೀಕ್ಷೆಯ ಮಾದರಿ ಬದಲಾಗಿದ್ದರಿಂದ ಮರುಪರೀಕ್ಷೆ" ಎಂದಷ್ಟೇ ಇರುತ್ತದೆ. ಹಂಡೆಯ ಮಾತಿಲ್ಲ, ಎರಡನೇ ಸಾಲಿನ ಮಾತಿಲ್ಲ, ತಾರೀಕುಗಳ ಮಾತಿಲ್ಲ. ನಿನ್ನ ಬಾಗಿಲಿನ ಕಾವಲುಗಾರನನ್ನು ತೆಗೆಯುತ್ತಾರೆ. ನನ್ನ ಕೆಲಸವೂ ಉಳಿಯುತ್ತದೆ. ಮಕ್ಕಳು ಹೇಗೂ ಚೇತರಿಸಿಕೊಳ್ಳುತ್ತಾರೆ, ಗಾಯ ನಿಧಾನವಾಗಿಯಾದರೂ ಕೂಡುತ್ತದೆ. ಮಕ್ಕಳ ಮನೆಯವರಿಗೆ ಹೇಳಿ ಅವರ ಹೊಟ್ಟೆ ಉರಿಸಿ ಯಾರಿಗೇನು ಲಾಭ? ಆ ಕಾಗದ ನರ್ಸಮ್ಮನಿಂದ ವಾಪಸು ತೆಗೆದುಕೊಂಡು ಹರಿದುಹಾಕು.

ಅಕ್ಕ

೧೨ ಜುಲೈ

ಅಕ್ಕ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಇನ್ನೇನು ಮಾಡಬೇಕಿತ್ತು ಎಂದು ಕೇಳಿದ್ದೀಯ, ಹೇಳುತ್ತೇನೆ.

ನಾನು ಒಡೆಯುವುದಿಲ್ಲ ಎಂದು ಮೊದಲೇ ಬರೆದಿದ್ದೆ. ಆಸ್ಪತ್ರೆಗೆ ಬರೆ ಎಂದೂ ಬರೆದಿದ್ದೆ. ನನ್ನ ಹಟ ನಿನಗೆ ಹೊಸದಲ್ಲ. ಆದರೂ ನೀನು ನನಗೇ ಬರೆದೆ. ಡಾಕ್ಟರ ಹೆಸರಿಗೆ ಇನ್ನೊಂದು ಲಕೋಟೆ ಹಾಕಲು ಯಾರ ಸಹಿಯೂ ಬೇಕಿರಲಿಲ್ಲ. ಮುಖ್ಯಸ್ಥರ ರಜೆಯ ಮಾತನ್ನು ನಾನು ನಂಬುವುದಿಲ್ಲ. ಡಾಕ್ಟರಿಗೆ ಬರೆದರೆ ಮೊದಲ ವರದಿ ತಪ್ಪು ಎಂದು ಒಪ್ಪಿಕೊಂಡ ಹಾಗಾಗುತ್ತದೆ, ಎರಡನೇ ಸಾಲು ಯಾರು ಸೇರಿಸಿದ್ದು ಎಂದು ಕೇಳುತ್ತಾರೆ, ಅದಕ್ಕೆ ಬರೆಯಲಿಲ್ಲ. ತಮ್ಮನಿಗೆ ಹೇಳಿದರೆ ಹೇಳಿದ ಹಾಗೂ ಆಯಿತು, ಮರ್ಯಾದೆ ಉಳಿದ ಹಾಗೂ ಆಯಿತು. ಒಡೆಯದೆ ಇಟ್ಟದ್ದು ನನ್ನ ತಪ್ಪು, ಅದನ್ನು ಸಾಯುವವರೆಗೂ ಹೊರುತ್ತೇನೆ. ಆದರೆ ಆ ಕಾಗದ ನನಗೆ ಬರೆಯಬೇಕಾದದ್ದಲ್ಲ. ಅದು ನಿನ್ನ ಪಾಲು.

ಮಕ್ಕಳ ಒಸಡು ವಾಸಿಯಾಗಿದೆ. ಗಿಣಿಯ ಗಾಯ ಅಂಚಿನಿಂದ ಕೂಡುತ್ತಾ ಬರುತ್ತಿದೆ, ಆದರೆ ಒಳಗಿನ ಸ್ನಾಯು ಕೆಟ್ಟಿದೆ, ಆ ಕಾಲು ಪೂರ್ತಿ ಮಡಚುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಅವಳಿಗೆ ಎಂಟು ವರ್ಷ.

ನೀನು ಹೇಳಿದ ಹಾಗೆ ಕಾಗದ ವಾಪಸು ತೆಗೆದುಕೊಂಡೆ. ಹರಿಯಲಿಲ್ಲ. ಶನಿವಾರ ಮಕ್ಕಳನ್ನು ನೋಡಲು ಬಿಡುವ ಹೊತ್ತಿನಲ್ಲಿ ಗಿಣಿಯ ಅಮ್ಮ ಬಂದಾಗ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ ಅವರ ಕೈಗೆ ಕೊಟ್ಟೆ. ಬಟ್ಟೆ ಹೊಲಿಯುವ ಹೆಂಗಸು, ನಿಧಾನವಾಗಿ ಬೆರಳಿಟ್ಟು ಓದುತ್ತಾರೆ. ನಾನು ಎದುರಿಗೆ ನಿಂತೇ ಇದ್ದೆ. ಹಂಡೆಯನ್ನು ನಾನೇ ಉಜ್ಜಿದ್ದು ಎಂದೆ. ಕಾಗದ ಬಂದಾಗ ಒಡೆಯಲಿಲ್ಲ ಎಂದೆ. ಅವರು ಮೊದಲ ಹಾಳೆಗೆ ಮರಳಿದರು. ಮೇಲಿನ ತಾರೀಕು ನೋಡಿದರು, ಬೆರಳಲ್ಲಿ ಹದಿನಾಲ್ಕರಿಂದ ಇಪ್ಪತ್ತನಾಲ್ಕರವರೆಗೆ ಎಣಿಸಿದರು.

"ಹತ್ತು ದಿನ ಇತ್ತಲ್ಲ" ಅಂದರು.

"ಇತ್ತು ತಾಯಿ" ಅಂದೆ.

"ನೀನು ನಾಳೆಯಿಂದ ನನ್ನ ಮಗಳ ಮಂಚದ ಹತ್ರ ಬರಬೇಡ. ಲೋಟ ಬೇರೆಯವರ ಕೈಲಿ ಕಳಿಸು." ಆಮೇಲೆ ಕೊನೆಯ ಹಾಳೆ ತಿರುಗಿಸಿ ಕೇಳಿದರು, "ಈ ಅಕ್ಕ ಅನ್ನೋರು ಯಾರು? ಇಷ್ಟೆಲ್ಲ ಗೊತ್ತಿದ್ದವರು ನಂಗ್ಯಾಕೆ ಬರೀಲಿಲ್ಲ?"

ನನ್ನ ಅಕ್ಕ ಎಂದೆ. ನಿನ್ನ ಹೆಸರು, ನಿನ್ನ ಮನೆಯ ವಿಳಾಸ ಬರೆದುಕೊಟ್ಟೆ. ಕಾಗದವೂ ಅವರ ಹತ್ತಿರವೇ ಇದೆ. ಸೋಮವಾರ ಸೂಪರಿಂಟೆಂಡೆಂಟರಿಗೆ ಇದನ್ನೆಲ್ಲ ಹೇಳುತ್ತೇನೆ, ಅವರು ಏನು ಮಾಡುತ್ತಾರೋ ಮಾಡಲಿ.

ಗಿಣಿಯ ಅಮ್ಮ ನಿನಗೆ ಬರೆಯುತ್ತಾರೆ. ಬಂದ ದಿನವೇ ಒಡೆದು ಓದು.

ತಮ್ಮ